ಮಗುವನ್ನು ದತ್ತು ಪಡೆಯುವ ಸರಿಯಾದ ದಾರಿ



ಸಂಘದ ಸಭೆ ಮುಗಿದು ಎಲ್ಲರೂ ಎದ್ದ ಮೇಲೆ ಒಬ್ಬ ಅಕ್ಕ ಹಿಂದೆ ಉಳಿಯುತ್ತಾರೆ. ಮೆಲ್ಲಗೆ ಕೇಳುತ್ತಾರೆ: "ಸಿಸ್ಟರ್, ಮದುವೆಯಾಗಿ ಹನ್ನೆರಡು ವರ್ಷ ಆಯ್ತು. ಆಸ್ಪತ್ರೆ, ಹರಕೆ ಎಲ್ಲಾ ಆಯ್ತು. ನಿಮ್ಮ ಕಾನ್ವೆಂಟ್ ಕಡೆಯಿಂದ ಒಂದು ಮಗು ಕೊಡಿಸ್ತೀರಾ?" ಶಿಡ್ಲಘಟ್ಟದ ರೀಲರ್‌ಗಳ ಮನೆಗಳಲ್ಲಿ, ಚಿಂತಾಮಣಿ, ಗೌರಿಬಿದನೂರಿನ ಹಳ್ಳಿಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ಇನ್ನೊಂದು ಮಾತೂ ಕಿವಿಗೆ ಬೀಳುತ್ತೆ: "ಯಾರೋ ಹೇಳಿದ್ರು, ಒಂದು ಮಗು ಇದೆಯಂತೆ. ಸ್ವಲ್ಪ ದುಡ್ಡು ಕೊಟ್ರೆ ನಮ್ಮ ಹೆಸರಿಗೇ ಜನನ ಪತ್ರ ಮಾಡಿಸಿಕೊಡ್ತಾರಂತೆ." ಈ ಎರಡನೆಯ ಮಾತಿಗಾಗಿಯೇ ಈ ಪಾಠ.

ಕೈಯಿಂದ ಕೈಗೆ ಮಗು ಪಡೆಯುವುದು ದತ್ತು ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಕ್ರಮ ತಪ್ಪಿಸಿ ಅನಾಥ ಮಗುವನ್ನು ಅಥವಾ ಹೆತ್ತವರು ಬಿಟ್ಟುಕೊಟ್ಟ ಮಗುವನ್ನು ದತ್ತಿಗೆ ಕೊಟ್ಟವರಿಗೂ ಪಡೆದವರಿಗೂ 3 ವರ್ಷದವರೆಗೆ ಸಜೆ, ಅಥವಾ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಹಣ ಕೊಟ್ಟು ಮಗು ಕೊಂಡರೆ 5 ವರ್ಷದವರೆಗೆ ಕಠಿಣ ಸಜೆ. ಆ ಮಾರಾಟದಲ್ಲಿ ಆಸ್ಪತ್ರೆಯ ಸಿಬ್ಬಂದಿ ಕೈಯಾಡಿಸಿದ್ದರೆ ಅವರಿಗೆ ಕನಿಷ್ಠ 3, ಗರಿಷ್ಠ 7 ವರ್ಷ. ಆದರೆ ಜೈಲಿನ ಮಾತಿಗಿಂತ ಮಗುವಿನ ಮಾತು ದೊಡ್ಡದು. ಸುಳ್ಳು ಜನನ ಪತ್ರದ ಮೇಲೆ ಬೆಳೆದ ಮಗು ಮುಂದೆ ಆಸ್ತಿ ಪಾಲಿನ ಸಮಯದಲ್ಲಿ ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳ ಎದುರು ನಿಲ್ಲಬೇಕಾಗುತ್ತೆ. "ನೀನು ಇವರ ಮಗನೇ ಅಲ್ಲ" ಅಂತ ಯಾರಾದರೂ ಕೋರ್ಟಿಗೆ ಹೋದರೆ ಅವನ ಕೈಯಲ್ಲಿ ತೋರಿಸಲು ಏನಿರುತ್ತೆ? ಐದು ವರ್ಷ ಎದೆಗಪ್ಪಿ ಸಾಕಿದ ಮಗುವನ್ನು ಸಮಿತಿಯವರು ಬಂದು ಕರೆದುಕೊಂಡು ಹೋಗಲೂಬಹುದು. ಆಗ ಅಳುವುದು ತಾಯಿ ಒಬ್ಬಳೇ ಅಲ್ಲ.

ನಮ್ಮ ಕ್ರೈಸ್ತ ಕುಟುಂಬಗಳಿಗೆ ಇದರಲ್ಲಿ ಒಂದು ಹಳೆಯ ನೋವಿದೆ. 1956ರ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ನಮ್ಮವರು 1890ರ ಪೋಷಕರ ಕಾಯ್ದೆಯಡಿ ಮಗುವಿಗೆ ಪೋಷಕರಾಗಬಹುದಿತ್ತು ಅಷ್ಟೆ, ತಂದೆತಾಯಿ ಆಗುವಂತಿರಲಿಲ್ಲ. ಮಗು ವಯಸ್ಸಿಗೆ ಬಂದ ದಿನ ಆ ಸಂಬಂಧ ಕಾಗದದ ಮೇಲೆ ಮುಗಿಯುತ್ತಿತ್ತು. 2000ದ ಬಾಲನ್ಯಾಯ ಕಾಯ್ದೆ, ಅದರ 2006ರ ತಿದ್ದುಪಡಿ ಬಂದ ಮೇಲೆ ಬಾಗಿಲು ತೆರೆಯಿತು. ಯಾವ ಧರ್ಮದವರಾದರೂ ಈ ಕಾಯ್ದೆಯಡಿ ದತ್ತು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2014ರ ಫೆಬ್ರುವರಿಯಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹೀಗೆ ದತ್ತಾದ ಮಗು ಎಲ್ಲ ರೀತಿಯಲ್ಲೂ, ಆಸ್ತಿ ಹಕ್ಕಿನಲ್ಲೂ, ನಿಮ್ಮದೇ ಮಗು.

ಧರ್ಮಸಭೆಯ ಕಾನೂನೂ ಇದಕ್ಕೇ ಹೊಂದಿಕೊಂಡಿದೆ. ನಾಗರಿಕ ಕಾನೂನಿನಂತೆ ದತ್ತಾದ ಮಕ್ಕಳನ್ನು ದತ್ತು ತಂದೆತಾಯಿಯ ಮಕ್ಕಳೆಂದೇ ಪರಿಗಣಿಸಬೇಕು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 110ನೇ ವಿಧಿ ಹೇಳುತ್ತದೆ. ಅಂದರೆ ಜ್ಞಾನಸ್ನಾನದ ರಿಜಿಸ್ಟರಿಗೂ ಸರ್ಕಾರದ ಆದೇಶವೇ ಆಧಾರ. ಪೋಪ್ ಫ್ರಾನ್ಸಿಸ್ 2022ರ ಜನವರಿ 5ರಂದು ಯೇಸುವಿನ ಸಾಕುತಂದೆ ಸಂತ ಜೋಸೆಫರ ಕುರಿತು ಮಾತನಾಡುತ್ತಾ, ಮಕ್ಕಳಿಲ್ಲದ ದಂಪತಿಗಳು ದತ್ತು ಪಡೆಯಲು ಹಿಂಜರಿಯಬಾರದು, ಅದರ ವಿಧಾನವೂ ಸುಲಭವಾಗಬೇಕು ಎಂದು ಕೇಳಿಕೊಂಡಿದ್ದರು.

ಹಾಗಾದರೆ ಎಲ್ಲಿಗೆ ಹೋಗಬೇಕು? ಕಾನ್ವೆಂಟಿಗೆ ಅಲ್ಲ. ಮೊದಲು ಮದರ್ ತೆರೇಸಾರ ಸಿಸ್ಟರ್‌ಗಳ ಮನೆಗಳಿಂದ ಎಷ್ಟೋ ಮಕ್ಕಳು ಕುಟುಂಬ ಸೇರಿದ್ದಾರೆ. ಒಂಟಿಯಾಗಿರುವವರಿಗೂ ಮಗು ಕೊಡಬೇಕೆಂಬ ನಿಯಮವನ್ನು ಒಪ್ಪದೆ ಅವರು 2015ರಲ್ಲಿ ದತ್ತು ಕೆಲಸವನ್ನೇ ಬಿಟ್ಟರು. ಆ ನಿರ್ಧಾರದ ಬಗ್ಗೆ ನಮ್ಮಲ್ಲೇ ಬೇರೆ ಬೇರೆ ಅಭಿಪ್ರಾಯವಿದೆ, ಅದು ಇರಲಿ. ಈಗ ಸರ್ಕಾರಿ ಕೇಂದ್ರವಾದರೂ, ಮಾನ್ಯತೆ ಪಡೆದ ಖಾಸಗಿ ದತ್ತು ಸಂಸ್ಥೆಯಾದರೂ ಸಾಲು ಒಂದೇ. ದೆಹಲಿಯಲ್ಲಿರುವ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರೂ 'ಕಾರಾ' ಅನ್ನುತ್ತಾರೆ, ಅದರ ಆನ್‌ಲೈನ್ ನೋಂದಣಿಯೇ ಬಾಗಿಲು. ಫಾದರ್ ಆಗಲಿ, ಎಂ.ಎಲ್.ಎ. ಆಗಲಿ ಹೇಳಿದರೆ ನಂಬರ್ ಮುಂದಕ್ಕೆ ಬರುವುದಿಲ್ಲ.

ಕಂಪ್ಯೂಟರ್ ಗೊತ್ತಿಲ್ಲ ಅಂತ ಕೈಬಿಡಬೇಡಿ. ಚಿಕ್ಕಬಳ್ಳಾಪುರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಹಾಯ ಕೇಳಿ. (2007ರಲ್ಲಿ ನಮ್ಮ ಜಿಲ್ಲೆ ಬೇರೆಯಾಗುವ ಮುಂಚೆ ಜಿಲ್ಲಾ ಕಚೇರಿಯ ಕೆಲಸ ಅಂದ್ರೆ ಕೋಲಾರದ ಬಸ್ಸು ಹತ್ತಬೇಕಿತ್ತು.) ಗುರುತಿನ ಚೀಟಿ, ಆದಾಯದ ದಾಖಲೆ, ವೈದ್ಯರ ಪತ್ರ, ಮದುವೆ ಪತ್ರ ಬೇಕು. ಮದುವೆ ಪತ್ರ ಕಳೆದುಹೋಗಿದ್ದರೆ ಮದುವೆಯಾದ ಧರ್ಮಕೇಂದ್ರದಿಂದ ಈಗಲೇ ನಕಲು ಪಡೆದುಕೊಳ್ಳಿ.

ದಂಪತಿಗಳಾದರೆ ಮದುವೆಯಾಗಿ ಕನಿಷ್ಠ 2 ವರ್ಷ ಒಟ್ಟಿಗೆ ಬಾಳಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಒಂಟಿ ಮಹಿಳೆ ಗಂಡು ಅಥವಾ ಹೆಣ್ಣು ಮಗು ಪಡೆಯಬಹುದು, ಒಂಟಿ ಗಂಡಸಿಗೆ ಹೆಣ್ಣು ಮಗು ಕೊಡುವುದಿಲ್ಲ. ಸ್ವಂತ ಮನೆ ಇರಲೇಬೇಕೆಂಬ ನಿಯಮವಿಲ್ಲ. ಆದರೆ ವಯಸ್ಸಿನ ಲೆಕ್ಕ ಇದೆ: 2 ವರ್ಷದೊಳಗಿನ ಮಗುವಿಗೆ ಗಂಡ ಹೆಂಡತಿಯ ವಯಸ್ಸು ಕೂಡಿಸಿದರೆ 85 ಮೀರಬಾರದು. 8 ವರ್ಷ ದಾಟಿದ ಮಗುವಿಗೆ 110ರವರೆಗೆ ಅವಕಾಶ. ಹರಕೆ, ಚಿಕಿತ್ಸೆ ಅಂತ ವರ್ಷಗಳು ಕಳೆದ ಮೇಲೆ ಬರುವವರಿಗೆ ಈ ಲೆಕ್ಕ ಕಹಿಯಾಗುತ್ತೆ. ಅದಕ್ಕೇ ಬೇಗ ನೋಂದಾಯಿಸಿ ಅನ್ನುವುದು.

ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ. ಅವರು ಬರುತ್ತಾರೆಂದು ಗೋಡೆಗೆ ಬಣ್ಣ ಬಳಿಸಬೇಕಾಗಿಲ್ಲ. ಗಂಡ ಹೆಂಡತಿ ಹೇಗಿದ್ದಾರೆ, ಅತ್ತೆ ಮಾವ ಒಪ್ಪಿದ್ದಾರಾ, ಇದನ್ನೇ ಅವರು ನೋಡುವುದು. ಅಲ್ಲಿಂದ ಕಾಯುವುದು ಶುರು. ಚಿಕ್ಕ ಕೂಸೇ ಬೇಕು ಅನ್ನುವವರು ಮೂರು ವರ್ಷಕ್ಕೂ ಹೆಚ್ಚು ಕಾಯಬೇಕಾಗಬಹುದು. ಸ್ವಲ್ಪ ದೊಡ್ಡ ಮಕ್ಕಳು, ಅಣ್ಣ ತಂಗಿ ಒಟ್ಟಿಗಿರುವವರು, ಆರೋಗ್ಯದ ತೊಂದರೆ ಇರುವವರು ತಾವೇ ಕಾಯುತ್ತಿದ್ದಾರೆ, ಕೇಳುವವರಿಲ್ಲ. ಸರದಿ ಬಂದಾಗ ಮಗುವಿನ ಫೋಟೊ, ವೈದ್ಯಕೀಯ ವರದಿ ಬರುತ್ತೆ. 48 ಗಂಟೆಯೊಳಗೆ ಕಾಯ್ದಿರಿಸಬೇಕು, ಆದ್ದರಿಂದ ನೋಂದಣಿಗೆ ಕೊಟ್ಟ ಮೊಬೈಲ್ ನಂಬರ್ ಬದಲಾಯಿಸಬೇಡಿ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವವರು ಕೋರ್ಟಿನ ಬದಲು ಜಿಲ್ಲಾಧಿಕಾರಿಗಳು. ಶುಲ್ಕವನ್ನು ನಿಯಮವೇ ಗೊತ್ತುಮಾಡಿದೆ. ರಸೀದಿ ಇಲ್ಲದೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ತಂಗಿಗೆ ಮಕ್ಕಳಿಲ್ಲ, ಅಕ್ಕ ತನ್ನ ಮೂರನೆಯದನ್ನು ಕೊಡುತ್ತಾಳೆ, ಇದು ನಮ್ಮ ಕಡೆ ನಡೆಯುವಂಥದ್ದೇ. ಅದಕ್ಕೂ ಕಾಯ್ದೆಯಲ್ಲಿ ದಾರಿ ಇದೆ. ಚಿಕ್ಕಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ, ಅಜ್ಜ ಅಜ್ಜಿ ಸಂಬಂಧಿಕರಾಗಿ ದತ್ತು ಪಡೆಯಬಹುದು, ಸಾಲಿನಲ್ಲಿ ಕಾಯಬೇಕಿಲ್ಲ. ಆದರೆ ನೋಂದಣಿ ಮತ್ತು ಜಿಲ್ಲಾಧಿಕಾರಿಗಳ ಆದೇಶ ಬೇಕೇ ಬೇಕು. ಛಾಪಾ ಕಾಗದದ ಮೇಲೆ ಊರ ಹಿರಿಯರ ಸಹಿ ಹಾಕಿಸಿದರೆ ಸಾಲದು.

ಇನ್ನು ಹೆತ್ತವಳ ವಿಷಯ. ಮದುವೆಯಾಗದ ಹುಡುಗಿ ಬಸುರಾದರೆ ಮನೆಯವರು ಮೊದಲು ಹುಡುಕುವುದು ಗುಟ್ಟಾಗಿ ಮಗು ತೆಗೆದುಕೊಂಡು ಹೋಗುವವರನ್ನು. ಅವಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದುಕೊಂಡು ಹೋಗಿ. ಹೆಸರು ಗುಟ್ಟಾಗಿರುತ್ತೆ, ಅವಳ ಮೇಲೆ ಪೊಲೀಸ್ ಕೇಸು ಹಾಕುವಂತಿಲ್ಲ. ಬರೆದುಕೊಟ್ಟ ಮೇಲೂ ಮನಸ್ಸು ಬದಲಾಯಿಸಿ ಮಗುವನ್ನು ವಾಪಸ್ ಪಡೆಯಲು ಅವಳಿಗೆ 60 ದಿನ ಇದೆ. ದಲ್ಲಾಳಿ ಆ 60 ದಿನವನ್ನೂ ಕಿತ್ತುಕೊಳ್ಳುತ್ತಾನೆ. ಕೆರೆ ಬದಿಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಮಗು ಸಿಕ್ಕಿದರೆ "ದೇವರೇ ಕೊಟ್ಟ" ಅಂತ ಮನೆಗೆ ಒಯ್ಯಬೇಡಿ, 24 ಗಂಟೆಯೊಳಗೆ ಪೊಲೀಸರಿಗೆ ಅಥವಾ 1098ಕ್ಕೆ ತಿಳಿಸಬೇಕು.

ಮಗು ಮನೆಗೆ ಬಂದ ಮೇಲೂ 2 ವರ್ಷ, ಆರು ತಿಂಗಳಿಗೊಮ್ಮೆ ಕಾರ್ಯಕರ್ತರು ಬಂದು ವಿಚಾರಿಸುತ್ತಾರೆ. ಆಗ ಅನೇಕರು ಕೇಳುವುದು ಒಂದೇ: "ಅವನಿಗೆ ಹೇಳಬೇಕಾ ಸಿಸ್ಟರ್?" ಹೇಳಬೇಕು, ಚಿಕ್ಕಂದಿನಲ್ಲೇ, ಕಥೆ ಹೇಳಿದ ಹಾಗೆ. ಇಲ್ಲದಿದ್ದರೆ ಯಾವುದೋ ಮದುವೆ ಮನೆಯಲ್ಲಿ ಯಾರೋ ಹೇಳಿಬಿಡುತ್ತಾರೆ.