ಕರೆಂಟು, ಗ್ಯಾಸು, ಸೌದೆ ಉಳಿಸಿದರೆ ಹಣವೂ ಉಳೀತದೆ



ಸಂಘದಲ್ಲಿ ನಾವು ವಾರ ವಾರ ಉಳಿತಾಯ ಕಟ್ಟುತ್ತೇವೆ. ಆದರೆ ಮನೆಯ ದೀಪ, ಒಲೆಗಳಲ್ಲಿ ಸೋರಿ ಹೋಗುವ ಹಣದ ಲೆಕ್ಕ ಇಟ್ಟಿದ್ದೇವಾ? ಈ ತಿಂಗಳು ಅದನ್ನು ಕಲಿಯೋಣ.

1. ದೀಪದ ಲೆಕ್ಕ: 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. 60 ವ್ಯಾಟಿನ ಹಳೇ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. ಬೆಳಕು ಮಾತ್ರ ಕಡಿಮೆಯಾಗುವುದಿಲ್ಲ. ಮೂರು ಬಲ್ಬು ಬದಲಿಸಿದರೆ ತಿಂಗಳಿಗೆ ಸುಮಾರು 23 ಯೂನಿಟ್ ಉಳಿತಾಯ.

“ಗೃಹಜ್ಯೋತಿಯಲ್ಲಿ ಕರೆಂಟು ಫ್ರೀ ಅಲ್ವಾ, ಯಾಕೆ ಉಳಿಸಬೇಕು?” ಎಂದು ಕೆಲವರು ಕೇಳುತ್ತಾರೆ. 2023ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಹಿಂದಿನ ಬಳಕೆ ನೋಡಿ ಪ್ರತಿ ಮನೆಗೂ ಮಿತಿ ಹಾಕಿದ್ದಾರೆ. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆ ಮೇಲೆ. ಸಂಪಾದನೆಗೆಂದು ಹೊಲಿಗೆ ಮಿಷಿನ್ನಿಗೆ ಮೋಟಾರು ಹಾಕಿಸಿದರೆ, ಬಲ್ಬಿನಲ್ಲಿ ಉಳಿದ ಯೂನಿಟ್ಟೇ ಅದಕ್ಕೆ ಒದಗುತ್ತದೆ.

2. ಒಲೆಯ ಲೆಕ್ಕ: ಬೇಳೆ ಕಾಳು ನೆನೆಸಿಡಿ, ಕುಕ್ಕರಿನಲ್ಲಿ ಬೇಯಿಸಿ, ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. 30 ದಿನಕ್ಕೆ ಮುಗಿಯುವ ಸಿಲಿಂಡರ್ 40 ದಿನ ಬಂದರೆ ವರ್ಷಕ್ಕೆ 12ರ ಬದಲು 9 ಸಾಕು. ಸೌದೆ ಒಲೆಯವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಇದೆ. ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಸೌದೆ ತರುವ ಹೊತ್ತು ಉಳಿದರೆ ಅದು ಕೂಲಿಗೋ ಹೈನಿಗೋ ಸಿಗುತ್ತದೆ.

3. ಸಾಲಕ್ಕೆ ಮೊದಲು: ಸಾಮಾನಿನ ಬೆಲೆಯನ್ನು ತಿಂಗಳ ಉಳಿತಾಯದಿಂದ ಭಾಗಿಸಿರಿ. 1500 ರೂ. ಕುಕ್ಕರಿನಿಂದ ತಿಂಗಳಿಗೆ 150 ರೂ. ಉಳಿದರೆ 10 ತಿಂಗಳಿಗೆ ಅಸಲು ಬಂತು. ಸಂಘದ ಬಡ್ಡಿಗೆ ಇನ್ನೊಂದೆರಡು ತಿಂಗಳು. ಆಮೇಲೆ ಉಳಿದದ್ದೆಲ್ಲ ನಮ್ಮದು.

4. ಎಚ್ಚರಿಕೆ: “ಹೇಗೂ ಕಡಿಮೆ ಕರೆಂಟು” ಎಂದು ದೀಪವನ್ನು ರಾತ್ರಿಯಿಡೀ ಬಿಟ್ಟರೆ ಉಳಿದದ್ದರಲ್ಲಿ ಒಂದಷ್ಟು ಮತ್ತೆ ಸೋರಿ ಹೋಗುತ್ತದೆ. ಉಳಿದ ಹಣವನ್ನು ಆ ತಿಂಗಳೇ ಪಾಸ್ ಪುಸ್ತಕಕ್ಕೆ ಹಾಕಿರಿ. ಇಲ್ಲದಿದ್ದರೆ ಅದು ಎಲ್ಲಿ ಹೋಯ್ತೆಂದೇ ತಿಳಿಯದು.

ಸಭೆಯಲ್ಲಿ ಚರ್ಚಿಸಿರಿ:
* ನಮ್ಮ ಮನೆಯ ಸಿಲಿಂಡರ್ ಎಷ್ಟು ದಿನ ಬರುತ್ತದೆ?
* ಕಳೆದ ಮೂರು ಬಿಲ್ಲುಗಳಲ್ಲಿ ಎಷ್ಟು ಯೂನಿಟ್ ಇದೆ? ನಮ್ಮ ಮಿತಿ ಎಷ್ಟು?
* ಮೊದಲು ಯಾವುದನ್ನು ಬದಲಿಸೋಣ?