ಹೈಡ್ರೋಫಾಯಿಲ್ ಹಲಗೆಯ ಮೇಲೆ ಕಲಿಯುವವರು ಬೀಳುವುದೇಕೆ?

೨೦೨೪ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳ ಹಾಯಿಸ್ಪರ್ಧೆಗಳು ಫ್ರಾನ್ಸಿನ ದಕ್ಷಿಣ ತೀರದಲ್ಲಿರುವ ಮಾರ್ಸೇಯ್ ನಗರದ ಬಳಿ, ಕಡಲಿನಲ್ಲಿ ನಡೆದುವು. ಅವುಗಳಲ್ಲಿ ವಿಂಡ್‌ಸರ್ಫಿಂಗ್ ಪಂದ್ಯದ ಚಿತ್ರಗಳನ್ನು ಕಂಡವರಿಗೆ ಒಂದು ಸೋಜಿಗ ಕಾದಿತ್ತು. ಹಾಯಿ ಹಿಡಿದು ನಿಂತ ಸವಾರರು ಸಾಗುತ್ತಿದ್ದರು. ಆದರೆ ಅವರ ಕಾಲಕೆಳಗಿನ ಹಲಗೆ ನೀರನ್ನು ಮುಟ್ಟಿಯೇ ಇರಲಿಲ್ಲ! ಹಲಗೆಯ ತಳದಿಂದ ಒಂದು ದಂಡ ನೀರಿಗಿಳಿದಿರುತ್ತದೆ. ಅದರ ತುದಿಯಲ್ಲಿ ವಿಮಾನದ ಆಕಾರವನ್ನು ನೆನಪಿಗೆ ತರುವ ಒಂದು ರಚನೆಯುಂಟು: ಮುಂದೆ ದೊಡ್ಡ ರೆಕ್ಕೆ, ಹಿಂದೆ ಪುಟ್ಟದೊಂದು ಬಾಲದ ರೆಕ್ಕೆ. ಇದೇ ಹೈಡ್ರೋಫಾಯಿಲ್. ಈ ಬಗೆಯ ಹಲಗೆ ಒಲಿಂಪಿಕ್ ಪಂದ್ಯವನ್ನು ಪ್ರವೇಶಿಸಿದ್ದು ಆ ವರ್ಷವೇ ಮೊದಲು.

ಓಡುವ ಬಸ್ಸಿನ ಕಿಟಕಿಯಿಂದ ಕೈ ಹೊರಚಾಚಿ ಅಂಗೈಯನ್ನು ತುಸು ಓರೆಮಾಡಿದರೆ ಕೈ ತಾನಾಗಿ ಮೇಲಕ್ಕೇಳುತ್ತದೆ. (ನಿರ್ವಾಹಕರು ಗದರಿಸುವುದು ನ್ಯಾಯವೇ, ಈ ಪ್ರಯೋಗವನ್ನು ಊಹೆಯಲ್ಲಿ ಮಾಡಿದರೆ ಸಾಕು.) ನೀರಿನೊಳಗಿನ ರೆಕ್ಕೆಯನ್ನು ಮೇಲೆತ್ತುವ ಬಲವೂ ಇದೇ ಜಾತಿಯದು. ಆದರೆ ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು ೮೫೦ ಪಾಲು ಹೆಚ್ಚು. ಆದುದರಿಂದ ನೀರಿನಲ್ಲಿ ಕಿರಿದಾದ ರೆಕ್ಕೆಯೇ ಸಾಕಾಗುತ್ತದೆ. ಒಲಿಂಪಿಕ್‌ನ ಪುರುಷರ ಪಂದ್ಯದಲ್ಲಿ ಹಾಯಿಯ ವಿಸ್ತೀರ್ಣ ೯ ಚದರ ಮೀಟರ್. ಮುಂದಿನ ರೆಕ್ಕೆಯದು ೯೦೦ ಚದರ ಸೆಂಟಿಮೀಟರ್, ಎಂದರೆ ಹಾಯಿಯ ನೂರರಲ್ಲೊಂದು ಪಾಲು ಮಾತ್ರ.

ಎತ್ತುವ ಬಲವು ದ್ರವದ ಸಾಂದ್ರತೆಯನ್ನೂ ರೆಕ್ಕೆಯ ವಿಸ್ತೀರ್ಣವನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ಇವಲ್ಲದೆ, ಹರಿದುಬರುವ ನೀರಿಗೆ ರೆಕ್ಕೆ ಎಷ್ಟು ಓರೆಯಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಎತ್ತುಗುಣಾಂಕವೆಂಬ ಸಂಖ್ಯೆಯಿಂದ ಸೂಚಿಸೋಣ. ಸವಾರನೂ ಸಲಕರಣೆಯೂ ಸೇರಿ ೧೦೦ ಕಿಲೋಗ್ರಾಂ ಇರಲಿ. ಭಾರ ೯೮೦ ನ್ಯೂಟನ್ ಆಯಿತು. ಕಲಿಯುವವರಿಗೆ ರೆಕ್ಕೆ ದೊಡ್ಡದಿರಬೇಕು. ೧೫೦೦ ಚದರ ಸೆಂಟಿಮೀಟರ್ ಎನ್ನೋಣ. ಗುಣಾಂಕ ೦.೫ ಆದರೆ, ಸೆಕೆಂಡಿಗೆ ಸುಮಾರು ೫ ಮೀಟರ್ ವೇಗದಲ್ಲಿ ಎತ್ತುವ ಬಲ ಭಾರಕ್ಕೆ ಸಮನಾಗುತ್ತದೆ. ಇದು ಗಂಟೆಗೆ ೧೮ ಕಿಲೋಮೀಟರ್. ಸೈಕಲ್ಲಿನ ಓಟಕ್ಕಿಂತ ಹೆಚ್ಚೇನಲ್ಲ. ಹಲಗೆ ನೀರನ್ನು ಬಿಟ್ಟೇಳುತ್ತಲೇ ನೀರಿನ ಘರ್ಷಣೆ ಬಹುಮಟ್ಟಿಗೆ ತಗ್ಗಿ ವೇಗ ಇನ್ನೂ ಏರುತ್ತದೆ.

ತೊಡಕು ಆರಂಭವಾಗುವುದು ಇಲ್ಲಿಯೇ. ವೇಗ ೭ ಮೀಟರಿಗೆ ಏರಿ ರೆಕ್ಕೆಯ ಓರೆ ಮೊದಲಿನಷ್ಟೇ ಉಳಿದರೆ, ಎತ್ತುವ ಬಲ ಭಾರದ ಇಮ್ಮಡಿಯ ಹತ್ತಿರಕ್ಕೆ ಹೋಗುತ್ತದೆ, ಭಾರವೋ ಬೆಳೆಯುವುದಿಲ್ಲ. ಆದುದರಿಂದ ವೇಗ ಏರಿದಂತೆಲ್ಲ ಓರೆಯನ್ನು ಇಳಿಸತಕ್ಕದ್ದು. ಇಳಿಸುವವರು ಯಾರು?

ಹಿಂದಿನವರು ಈ ಕೆಲಸವನ್ನು ರೆಕ್ಕೆಗೇ ವಹಿಸಿದ್ದರು. ಇಟಲಿಯ ಎನ್ರಿಕೊ ಫೋರ್ಲಾನಿನಿ ೧೯೦೬ರಲ್ಲಿ ಮಾಜ್ಜೋರೆ ಸರೋವರದಲ್ಲಿ ಓಡಿಸಿದ ದೋಣಿಗೆ ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ರೆಕ್ಕೆಗಳಿದ್ದುವು. ಟೆಲಿಫೋನಿನಿಂದ ಖ್ಯಾತನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನೂ ಅವನ ಸಹಚರ ಬಾಲ್ಡ್‌ವಿನ್ನನೂ ಕೆನಡಾದಲ್ಲಿ ಕಟ್ಟಿದ ದೋಣಿಯದೂ ಅದೇ ಕ್ರಮ. ಅದು ೧೯೧೯ರಲ್ಲಿ ಗಂಟೆಗೆ ಸುಮಾರು ೧೧೪ ಕಿಲೋಮೀಟರ್ ವೇಗವನ್ನು ಮುಟ್ಟಿತು. ಇಂಥ ದೋಣಿ ಮೇಲೆದ್ದಂತೆ ಮೆಟ್ಟಿಲುಗಳು ನೀರಿನಿಂದ ಹೊರಬರುತ್ತವೆ. ವಿಸ್ತೀರ್ಣ ಕಡಿಮೆಯಾಗಿ ಬಲವೂ ತಗ್ಗುತ್ತದೆ. ದೋಣಿ ತಾನಾಗಿಯೇ ಒಂದು ಎತ್ತರದಲ್ಲಿ ನೆಲೆನಿಲ್ಲುತ್ತದೆ. ನಮ್ಮ ಹಲಗೆಯ ರೆಕ್ಕೆಯಾದರೋ ಸಂಪೂರ್ಣವಾಗಿ ಮುಳುಗಿರುತ್ತದೆ. ಒಂದು ಗೇಣು ಆಳದಲ್ಲಿರಲಿ ಮೂರು ಗೇಣು ಆಳದಲ್ಲಿರಲಿ, ಅದರ ಬಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ತಾನೆಷ್ಟು ಎತ್ತರದಲ್ಲಿದ್ದೇನೆಂಬುದು ಅದಕ್ಕೆ ತಿಳಿಯದು. ತಿಳಿಯಬೇಕಾದುದು ಸವಾರನ ಕಾಲಿಗೆ.

ಅವನಿಗಿರುವ ಅವಧಿಯಾದರೂ ಎಷ್ಟು? ಹಲಗೆಯ ಮೂತಿ ೩ ಡಿಗ್ರಿ ಹೆಚ್ಚಾಗಿ ಎದ್ದು ಹಾಗೆಯೇ ನಿಂತಿತೆನ್ನೋಣ. ಮೂತಿಯ ತುದಿಯಲ್ಲಿ ನೋಡಿದರೆ ಇದು ನಾಲ್ಕು ಬೆರಳಿನಷ್ಟು ಮಾತ್ರ. ರೆಕ್ಕೆಯು ಬಹುಮಟ್ಟಿಗೆ ಆ ಇಳಿಜಾರನ್ನೇ ಹಿಡಿದು ಏರುತ್ತದೆ. ವೇಗ ಸೆಕೆಂಡಿಗೆ ೬ ಮೀಟರ್ ಇದ್ದರೆ ಏರಿಕೆ ಸೆಕೆಂಡಿಗೆ ೩೧ ಸೆಂಟಿಮೀಟರ್. ದಂಡದ ಉದ್ದ ೭೫ ಸೆಂಟಿಮೀಟರ್ ಇದ್ದು ಅದರಲ್ಲಿ ಅರ್ಧ ನೀರಿನೊಳಗಿದ್ದರೆ, ಒಂದೂಕಾಲು ಸೆಕೆಂಡಿನಲ್ಲಿ ರೆಕ್ಕೆ ನೀರಿನ ಮೇಲ್ಮೈಗೆ ಬಂದಿರುತ್ತದೆ! ಅಲ್ಲಿ ಅದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಎತ್ತುವ ಬಲ ಥಟ್ಟನೆ ಕುಸಿಯುತ್ತದೆ. ಹಲಗೆ ನೀರಿಗೆ ಬಡಿದು ನಿಲ್ಲುತ್ತದೆ, ಸವಾರನು ಜಡತ್ವದ ನಿಯಮವನ್ನು ಪಾಲಿಸಿ ಮುಂದಕ್ಕೆ ಹಾರುತ್ತಾನೆ.

ಸಾಧಾರಣ ವಿಂಡ್‌ಸರ್ಫಿಂಗ್ ಬಲ್ಲವರಿಗೆ ಇಲ್ಲಿ ಹಳೆಯ ಅಭ್ಯಾಸವೇ ಶತ್ರು. ಗಾಳಿ ಜೋರಾದಾಗ ಹಿಂದಕ್ಕೆ ಸರಿದು ಹಿಂಗಾಲಿನ ಮೇಲೆ ಭಾರ ಹಾಕುವುದು ಅವರ ರೂಢಿ. ಫಾಯಿಲ್ ಹಲಗೆಯ ಮೇಲೆ ಹಾಗೆ ಮಾಡಿದರೆ ಓರೆ ಹೆಚ್ಚುತ್ತದೆ. ಬೇಕಾದುದು ತದ್ವಿರುದ್ಧ: ವೇಗ ಏರಿದಂತೆ ಮುಂಗಾಲನ್ನು ಒತ್ತುವುದು. ಇನ್ನೊಂದು ಸೂಕ್ಷ್ಮವೂ ಉಂಟು. ಹಾಯಿಗೆ ಜೋತುನಿಂತ ಸವಾರನ ಭಾರದ ಒಂದಂಶ ಹಾಯಿಗಂಬದ ಬುಡದ ಮೂಲಕ ಹಲಗೆಯ ಮುಂಭಾಗಕ್ಕೆ ಇಳಿದು ಮೂತಿಯನ್ನು ತಗ್ಗಿಸಿರುತ್ತದೆ. ಹೆದರಿ ಹಾಯಿಯನ್ನು ಒಮ್ಮೆಲೇ ಸಡಿಲಬಿಟ್ಟರೆ ಆ ಭಾರವೆಲ್ಲ ಕಾಲುಗಳಿಗೆ ಮರಳುತ್ತದೆ, ಮೂತಿ ಮತ್ತಷ್ಟು ಏಳುತ್ತದೆ. ತಪ್ಪಿಸಿಕೊಳ್ಳಲು ಮಾಡಿದ ಉಪಾಯದಿಂದಲೇ ಬಿದ್ದಂತಾಯಿತು! ಹಾಯಿಯನ್ನು ಮೆಲ್ಲಮೆಲ್ಲನೆ ಸಡಿಲಿಸಬೇಕು. ಅದರೊಡನೆಯೇ ಮುಂಗಾಲೂ ಒತ್ತಬೇಕು.

ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಆಟದಲ್ಲಿ, ಕೋಲು ವಾಲಿದ್ದು ಕಣ್ಣಿಗೆ ಚೆನ್ನಾಗಿ ಕಂಡ ಮೇಲೆ ಕೈಯನ್ನು ಸರಿಸಿದರೆ ತಡವಾಗಿಬಿಡುತ್ತದೆ. ಈ ಹಲಗೆಯದೂ ಹಾಗೆಯೇ. ಆದುದರಿಂದ ಕಲಿಯುವವರಿಗೆ ದಂಡ ಗಿಡ್ಡದಿರುತ್ತದೆ. ಬಿದ್ದರೂ ಎತ್ತರ ಕಡಿಮೆ. ಗಾಳಿ ಬಲವಾಗಿರುವುದಕ್ಕಿಂತ ಒಂದೇ ಸಮನಾಗಿರುವುದು ಮುಖ್ಯ. ನೀರು ದಂಡದ ಉದ್ದಕ್ಕಿಂತ ಸಾಕಷ್ಟು ಆಳವಿರಬೇಕು. ರೆಕ್ಕೆ ಮರಳಿಗೆ ತಗುಲಿದರೆ ಸವಾರನು ಹಾಯಿಯ ಮೇಲೆಯೇ ಎಸೆಯಲ್ಪಡುವನು. ರೆಕ್ಕೆಯ ಅಂಚು ಹರಿತವಾದುದರಿಂದ ಶಿರಸ್ತ್ರಾಣವನ್ನೂ ಎದೆಗವಚವನ್ನೂ ಧರಿಸದೆ ನೀರಿಗಿಳಿಯತಕ್ಕದ್ದಲ್ಲ. ಮೊದಲಿಗೆ ಹಲಗೆಯನ್ನು ಏಳಗೊಡದೆ, ಮುಂಗಾಲಿನ ಭಾರದಿಂದ ನೀರಿನ ಮೇಲೆಯೇ ಹಿಡಿದಿಟ್ಟು ಓಡಿಸುತ್ತಾರೆ. ಅನಂತರ ಒಂದು ಗೇಣು ಎದ್ದು, ಎರಡು ಮೂರು ಸೆಕೆಂಡು ಸಾಗಿ, ಬೀಳುವ ಮುನ್ನ ಮುಂಗಾಲೊತ್ತಿ ತಾವಾಗಿಯೇ ಕೆಳಗಿಳಿಯುತ್ತಾರೆ. ಏಳುವುದಕ್ಕಿಂತ ಈ ಇಳಿಯುವಿಕೆಯನ್ನೇ ಹೆಚ್ಚು ಸಲ ಅಭ್ಯಾಸ ಮಾಡುತ್ತಾರೆ.