ಹೆಸರಿಡುವ ಮುನ್ನ
ಪೋಸ್ಟ್‌ಗ್ರೆಸ್‌ಗೆ ಎಕ್ಸ್‌ಟೆನ್ಷನ್ ಬರೆಯುವವರೇ, ಹೆಸರಿಡುವಾಗ ಅದನ್ನು ಟೈಪ್ ಮಾಡುವವರ ಬೆರಳುಗಳನ್ನೂ ನೆನೆಯಿರಿ. 'ಯುಯುಐಡಿ-ಓಎಸ್‌ಎಸ್‌ಪಿ' ಹೆಸರಿನ ನಡುವೆ ಒಂದು ಅಡ್ಡಗೆರೆ ಇದೆ. ಅಷ್ಟಕ್ಕೇ 'ಕ್ರಿಯೇಟ್ ಎಕ್ಸ್‌ಟೆನ್ಷನ್' ಆದೇಶದಲ್ಲಿ ಅದನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು, ಮರೆತರೆ ಸಿಂಟ್ಯಾಕ್ಸ್ ಎರರ್. ಪಿಜಿವೆಕ್ಟರ್‌ನದು ಬೇರೆಯೇ ಪೇಚು: ಯೋಜನೆಯ ಹೆಸರು ಅದು, ಡೇಟಾಬೇಸ್‌ಗೆ ಹೇಳಬೇಕಾದದ್ದು ಮಾತ್ರ ಬರೀ 'ವೆಕ್ಟರ್'. ಹೊಸಬರು ಎಡವುವುದೇ ಅಲ್ಲಿ. ಇಸವಿಯನ್ನಂತೂ ಅಂಟಿಸಲೇಬೇಡಿ, 'ಪೋಸ್ಟ್‌ಗ್ರೆಸ್95' ಬಹುಕಾಲ ಬಾಳದೆಂದು ಮನಗಂಡೇ 1996ರಲ್ಲಿ ಅದನ್ನು 'ಪೋಸ್ಟ್‌ಗ್ರೆಸ್‌ಕ್ಯೂಎಲ್' ಮಾಡಿದರು.

ಹೀಗೆ ಇಟ್ಟ ಸಪ್ಪೆ ಹೆಸರು ಯಾರ ಕಣ್ಣಿಗೆ ಬಿದ್ದೀತು ಎಂದು ನೀವು ಕೇಳಬಹುದು. ಪೋಸ್ಟ್‌ಜಿಐಎಸ್ ನೋಡಿ: ಯಾವುದಕ್ಕೆ ಸೇರಿದ್ದು, ಏನು ಮಾಡುತ್ತದೆ, ಎರಡನ್ನೂ ಒಂದೇ ಉಸಿರಿಗೆ ಹೇಳುವ ಈ ಹೆಸರು 2001ರಿಂದ ಚಲಾವಣೆಯಲ್ಲಿದೆ. ಥಳುಕು ಬೇಕೆನಿಸಿದರೆ ಲೋಗೋಗೆ ಇಟ್ಟುಕೊಳ್ಳಿ. ಹೆಸರು ಪಕ್ಕಾ ಮಾಡುವ ಮುಂಚೆ ಎಕ್ಸ್‌ಟೆನ್ಷನ್‌ಗಳ ಭಂಡಾರವಾದ ಪಿಜಿಎಕ್ಸ್‌ಎನ್‌ನಲ್ಲಿ ಒಮ್ಮೆ ಹುಡುಕಿ, ಪೋಸ್ಟ್‌ಗ್ರೆಸ್‌ನ ಟ್ರೇಡ್‌ಮಾರ್ಕ್ ನಿಯಮವನ್ನೂ ಓದಿಕೊಳ್ಳಿ.